ಪಿಂಗ್ ಹೋಗುತ್ತದೆ, ಫೈಲ್ ನಿಲ್ಲುತ್ತದೆ: ವರ್ಚುವಲ್ ಮಷೀನಿನ ಪ್ಯಾಕೆಟ್ ಅಳತೆ ಸರಿಪಡಿಸುವ ಬಗೆ

ಚನ್ನಗಿರಿಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವವರಿದ್ದಾರೆ. ಹೊನ್ನಾಳಿ, ನ್ಯಾಮತಿಯಿಂದ ದಾವಣಗೆರೆಗೋ ಶಿವಮೊಗ್ಗಕ್ಕೋ ಕಾಲೇಜಿಗೆ ಹೋಗಿಬಂದು, ರಾತ್ರಿ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಕಲಿಯುವವರಿದ್ದಾರೆ. ಜಗಳೂರಿನ ಕಡೆಯ ಹಳ್ಳಿಯಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನೆಚ್ಚಿಕೊಂಡು ಕ್ಲೌಡ್ ಪರೀಕ್ಷೆಗೆ ತಯಾರಾಗುವವರೂ ಇದ್ದಾರೆ. ಇವರೆಲ್ಲರ ಕಂಪ್ಯೂಟರಿನಲ್ಲಿ ಒಂದು ವರ್ಚುವಲ್ ಮಷೀನ್ ಇರುತ್ತದೆ: ವಿಂಡೋಸ್ ಒಳಗೆ ಉಬುಂಟು, ಇಲ್ಲವೇ ಲಿನಕ್ಸ್ ಒಳಗೆ ವಿಂಡೋಸ್. ಒಂದು ದಿನ ಅದು ವಿಚಿತ್ರವಾಗಿ ಆಡತೊಡಗುತ್ತದೆ. ಪಿಂಗ್ ಮಾಡಿದರೆ ಉತ್ತರ ಬರುತ್ತದೆ. ಸರ್ವರಿಗೆ ಲಾಗಿನ್ ಆಗುತ್ತದೆ. ಆದರೆ ದೊಡ್ಡ ಫೋಲ್ಡರಿನ ಪಟ್ಟಿ ಕೇಳಿದೊಡನೆ ಪರದೆ ಹೆಪ್ಪುಗಟ್ಟುತ್ತದೆ. ಗಿಟ್ ಕ್ಲೋನ್ ಶುರುವಾಗಿ ನಿಂತುಬಿಡುತ್ತದೆ. ಕೆಲವು ಜಾಲತಾಣ ತೆರೆಯುತ್ತವೆ, ಕೆಲವು ಕೊನೆವರೆಗೂ ತೆರೆಯುವುದಿಲ್ಲ. ಹೊರಗಿನ ವಿಂಡೋಸ್‌ನಲ್ಲಿ ಮಾತ್ರ ಎಲ್ಲವೂ ಸರಿ.

ಇಂಥ ಹೊತ್ತಿನಲ್ಲಿ ನಮ್ಮ ಕಡೆ ಮೊದಲು ಬರುವ ಮಾತು "ನೆಟ್ ಸ್ಲೋ ಇದೆ" ಎಂಬುದು. ಲೈನ್ ಹುಡುಗನಿಗೆ ಫೋನ್ ಹೋಗುತ್ತದೆ, ಅವನು ಬಂದು ಬೆಳಕಿನ ಮಟ್ಟ ನೋಡಿ "ಲೈನ್ ಸರಿ ಇದೆ" ಎನ್ನುತ್ತಾನೆ. ಅವನು ಹೇಳಿದ್ದು ನಿಜ. ಸಣ್ಣ ಕೆಲಸ ನಡೆದು ದೊಡ್ಡ ಕೆಲಸ ನಿಲ್ಲುತ್ತಿದ್ದರೆ ಅನುಮಾನಿಸಬೇಕಾದದ್ದು ವೇಗವನ್ನಲ್ಲ, ಪ್ಯಾಕೆಟ್ಟಿನ ಗಾತ್ರವನ್ನು. ವರ್ಚುವಲ್ ಮಷೀನ್ ತನ್ನ ದಾರಿ ಹೊರಲಾರದಷ್ಟು ದೊಡ್ಡ ಪ್ಯಾಕೆಟ್ ಕಳಿಸುತ್ತಿದೆ, ಅದು ನಡುವೆ ಎಲ್ಲೋ ಬಿದ್ದುಹೋಗುತ್ತಿದೆ. ಹಣ ಖರ್ಚಿಲ್ಲದೆ, ಯಾರನ್ನೂ ಕರೆಯದೆ ಇದನ್ನು ನೀವೇ ಅಳೆದು ಸರಿಪಡಿಸಿಕೊಳ್ಳಬಹುದು.

1500 ಎಂಬ ಸಂಖ್ಯೆ

ಒಂದು ಪ್ಯಾಕೆಟ್ಟಿನಲ್ಲಿ ಗರಿಷ್ಠ ಎಷ್ಟು ಬೈಟ್ ಹೋಗಬಹುದು ಎಂಬ ಮಿತಿಗೆ ಎಂಟಿಯು ಎನ್ನುತ್ತಾರೆ. 1980ರಲ್ಲಿ ಡಿಜಿಟಲ್, ಇಂಟೆಲ್ ಮತ್ತು ಜೆರಾಕ್ಸ್ ಕಂಪನಿಗಳು ಸೇರಿ ಈಥರ್ನೆಟ್ ನಿಯಮಾವಳಿ ಹೊರತಂದವು. ಅಲ್ಲಿ ನಿಂತ 1500 ಬೈಟಿನ ಮಿತಿ ಇಂದಿಗೂ ನಡೆದುಬಂದಿದೆ. ನಿಮ್ಮ ಲ್ಯಾಪ್‌ಟಾಪ್, ರೂಟರ್, ವರ್ಚುವಲ್ ಮಷೀನ್ ಎಲ್ಲವೂ ಬೇರೆ ಯಾರೂ ಹೇಳದಿದ್ದರೆ 1500 ಎಂದೇ ಭಾವಿಸುತ್ತವೆ.

ಆದರೆ ದಾರಿಯುದ್ದಕ್ಕೂ 1500 ಇರುವುದಿಲ್ಲ. ಬಿಎಸ್‌ಎನ್‌ಎಲ್ ಫೈಬರ್ ಹಾಕಿಸಿದವರ ಮನೆಯ ಓಎನ್‌ಟಿ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಯೂಸರ್ ನೇಮ್, ಪಾಸ್‌ವರ್ಡ್ ತುಂಬಿರುತ್ತಾರೆ. ಅದು ಪಿಪಿಪಿಒಇ ಎಂಬ ಪದ್ಧತಿಯ ಗುರುತು. ಆ ಪದ್ಧತಿ ಪ್ರತಿ ಪ್ಯಾಕೆಟ್ಟಿಗೂ ತನ್ನದೇ 8 ಬೈಟ್ ಸೇರಿಸುವುದರಿಂದ ನಿಮಗೆ ಉಳಿಯುವುದು 1492. ಅದರ ಮೇಲೆ ಕಂಪನಿಯ ವಿಪಿಎನ್ ಹಚ್ಚಿದರೆ ಗೂಢಲಿಪಿಗೆ ಬೇಕಾದ ಹೆಡರ್‌ಗಳು ಇನ್ನಷ್ಟು ಜಾಗ ತಿನ್ನುತ್ತವೆ. ವೈರ್‌ಗಾರ್ಡ್ ವಿಪಿಎನ್ ಐಪಿವಿ4 ಮೇಲೆ 60 ಬೈಟ್, ಐಪಿವಿ6 ಮೇಲೆ 80 ಬೈಟ್ ತೆಗೆದುಕೊಳ್ಳುತ್ತದೆ. ಮೊಬೈಲ್ ಕಡೆಗೆ ಬಂದರೆ, ಜಿಯೋ ಜಾಲ ಐಪಿವಿ6 ಆಧರಿಸಿ ನಡೆಯುತ್ತದೆ. ನಿಮ್ಮ ಲ್ಯಾಪ್‌ಟಾಪಿನ ಐಪಿವಿ4 ಪ್ಯಾಕೆಟ್ ಅಲ್ಲಿ ಐಪಿವಿ6 ರೂಪಕ್ಕೆ ಬದಲಾಗುವಾಗ 20 ಬೈಟಿನ ಹೆಡರ್ ಹೋಗಿ 40 ಬೈಟಿನದು ಬರುತ್ತದೆ. ಸಂತೇಬೆನ್ನೂರಿನ ಫೈಬರ್ ಮನೆಯಲ್ಲಿ ನಡೆದ ಮಷೀನ್ ಬಿಳಿಚೋಡಿನ ಹಾಟ್‌ಸ್ಪಾಟಿನಲ್ಲಿ ತಡವರಿಸಿದರೆ ಅದಕ್ಕೆ ಇಂಥದ್ದೊಂದು ಕಾರಣ ಇರಬಹುದು.

ಲಾರಿಗೆ ಎಷ್ಟೆತ್ತರ ಮೂಟೆ ಹೇರಬೇಕೆಂಬುದನ್ನು ನಿರ್ಧರಿಸುವುದು ಹೊರಡುವ ಊರಿನ ರಸ್ತೆಯಲ್ಲ, ದಾರಿಯಲ್ಲಿ ಸಿಗುವ ಅತಿ ತಗ್ಗಾದ ರೈಲ್ವೆ ಕೆಳಸೇತುವೆ. ಪ್ಯಾಕೆಟ್ಟಿಗೂ ಅದೇ ಲೆಕ್ಕ.

ಎಚ್ಚರಿಕೆ ಎಲ್ಲಿ ಕಳೆದುಹೋಗುತ್ತದೆ?

"ಒಡೆಯಬೇಡ" ಎಂಬ ಡಿಎಫ್ ಗುರುತು ಹೊತ್ತ ದೊಡ್ಡ ಪ್ಯಾಕೆಟ್ ಬಂದಾಗ ರೂಟರ್ ಸುಮ್ಮನೆ ಎಸೆಯುವುದಿಲ್ಲ. "ಇದು ದೊಡ್ಡದಾಯಿತು, ಇಷ್ಟಕ್ಕೆ ಇಳಿಸು" ಎಂಬ ಐಸಿಎಂಪಿ ಸಂದೇಶವನ್ನು ಕಳಿಸಿದವರಿಗೆ ಹಿಂದಿರುಗಿಸುತ್ತದೆ. 1990ರಲ್ಲೇ ರೂಪಿಸಿದ ಈ ಏರ್ಪಾಡು ಚೆನ್ನಾಗಿಯೇ ಇದೆ. ಆದರೆ ಎರಡು ಕಡೆ ಅದು ಮುರಿಯುತ್ತದೆ.

ಒಂದು, ಸುರಕ್ಷತೆಯ ಹೆಸರಿನಲ್ಲಿ ಐಸಿಎಂಪಿಯನ್ನು ಪೂರ್ತಿ ತಡೆದಿರುವ ಫೈರ್‌ವಾಲ್‌ಗಳು. ಇಂಥ ಕಡೆ ಪ್ಯಾಕೆಟ್ ಸಾಯುತ್ತದೆ, ಸುದ್ದಿ ಮಾತ್ರ ಬರುವುದಿಲ್ಲ.

ಇನ್ನೊಂದೇ ಈ ಲೇಖನದ ತಿರುಳು: ವರ್ಚುವಲ್ ನೆಟ್‌ವರ್ಕ್ ಕಾರ್ಡು ಮತ್ತು ವರ್ಚುವಲ್ ಸ್ವಿಚ್. ಇವು ರೂಟರ್ ಅಲ್ಲ, ಸ್ವಿಚ್‌ನ ಮಟ್ಟದಲ್ಲಿ ಕೆಲಸ ಮಾಡುತ್ತವೆ. ಆ ಮಟ್ಟದಲ್ಲಿ "ದೊಡ್ಡದಾಯಿತು" ಎಂದು ಹೇಳುವ ವ್ಯವಸ್ಥೆಯೇ ಇಲ್ಲ. ಮಿತಿ ಮೀರಿದ್ದನ್ನು ಸದ್ದಿಲ್ಲದೆ ಬೀಳಿಸುವುದಷ್ಟೇ ಅವಕ್ಕೆ ಗೊತ್ತು. ವರ್ಚುವಲ್‌ಬಾಕ್ಸ್ ಕೈಪಿಡಿಯಲ್ಲಿ ಈ ಮಾತು ನೇರವಾಗಿಯೇ ಇದೆ. 1500 ಮೀರಿದ ಜಂಬೋ ಪ್ಯಾಕೆಟ್ಟುಗಳಿಗೆ ಸೀಮಿತ ಬೆಂಬಲ ಇರುವುದು ಇಂಟೆಲ್ ಮಾದರಿಯ ಕಾರ್ಡು ಆರಿಸಿಕೊಂಡು ಬ್ರಿಡ್ಜ್ಡ್ ವಿಧಾನದಲ್ಲಿ, ಅಂದರೆ ಮಷೀನನ್ನು ಮನೆಯ ಜಾಲಕ್ಕೆ ನೇರವಾಗಿ ಜೋಡಿಸಿ, ಬಳಸಿದಾಗ ಮಾತ್ರ. ಎಎಂಡಿಯ ಪಿಸಿನೆಟ್ ಮಾದರಿಯಲ್ಲಿ ಅವು ಹೋಗುವಾಗಲೂ ಬರುವಾಗಲೂ ಸದ್ದಿಲ್ಲದೆ ಬೀಳುತ್ತವೆ. ಒಳಗಿನ ಲಿನಕ್ಸ್‌ಗೆ ಎಂಟಿಯು 9000 ಎಂದು ಹೇಳಿದರೆ ಅದು ಒಪ್ಪಿಕೊಂಡಂತೆ ಕಾಣಬಹುದು, ಪರದೆಯ ಮೇಲೆ 9000 ಎಂದೂ ತೋರಿಸಬಹುದು, ಹೊರಗೆ ಮಾತ್ರ ಏನೂ ಹೋಗುವುದಿಲ್ಲ. ಒಳಗಿನ ವ್ಯವಸ್ಥೆ ತೋರಿಸುವ ಸಂಖ್ಯೆಯನ್ನು ನಂಬಬೇಡಿ, ಅಳೆದದ್ದನ್ನು ನಂಬಿ.

"ಹಾಗಾದರೆ ಪಿಪಿಪಿಒಇ ಇರುವ ಎಲ್ಲ ಮನೆಗಳಲ್ಲೂ ಇದು ಕಾಡಬೇಕಿತ್ತಲ್ಲ?" ಎಂದು ಕೇಳಬಹುದು. ಹೆಚ್ಚಿನ ಮನೆ ರೂಟರ್‌ಗಳು ಟಿಸಿಪಿ ಸಂಪರ್ಕ ಶುರುವಾಗುವಾಗಲೇ ನಡುವೆ ಕೈಹಾಕಿ, ಎರಡೂ ಬದಿಯವರು ಒಪ್ಪಿಕೊಳ್ಳುವ ತುಂಡಿನ ಗಾತ್ರವನ್ನು 1460ರಿಂದ 1452ಕ್ಕೆ ಇಳಿಸಿಬಿಡುತ್ತವೆ. ಎಂಎಸ್‌ಎಸ್ ಕ್ಲ್ಯಾಂಪಿಂಗ್ ಎಂದು ಅದರ ಹೆಸರು. ಆದ್ದರಿಂದಲೇ ಸಾಮಾನ್ಯ ಬಳಕೆಯಲ್ಲಿ ತೊಂದರೆ ಕಾಣುವುದಿಲ್ಲ. ವಿಪಿಎನ್‌ನ ಸುರಂಗದೊಳಗೆ ಹೋಗುವ ಸಂಪರ್ಕ ರೂಟರಿಗೆ ಕಾಣಿಸದು, ಅಲ್ಲಿ ಅದರ ಉಪಕಾರ ನಡೆಯದು.

ಅಳೆಯುವ ಹಂತಗಳು

ಇಲ್ಲಿ ಆದೇಶಗಳನ್ನು ಕನ್ನಡದಲ್ಲಿ ಉಚ್ಚರಿಸಿ ಬರೆದಿದೆ. ನೀವು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ.

1. ಮೊದಲು ಹೊರಗಿನ ಕಂಪ್ಯೂಟರಿನಿಂದ, ವಿಪಿಎನ್ ಹಚ್ಚದೆ ಅಳೆಯಿರಿ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ "ಪಿಂಗ್" ಬರೆದು ಜಾಗ ಬಿಡಿ, ಹೈಫನ್ ಹಾಕಿ ಎಫ್ ಅಕ್ಷರ, ಮತ್ತೆ ಜಾಗ, ಹೈಫನ್ ಹಾಕಿ ಎಲ್ ಅಕ್ಷರ, ಜಾಗ, 1472, ಜಾಗ, 1.1.1.1 ಎಂದು ಕೊಡಿ. ಎಫ್ ಎಂದರೆ "ಪ್ಯಾಕೆಟ್ಟನ್ನು ಒಡೆಯಬೇಡ" ಎಂಬ ಆಜ್ಞೆ, ಎಲ್ ಎಂದರೆ ಒಳಗಿಡುವ ಬೈಟುಗಳ ಲೆಕ್ಕ. 1472ಕ್ಕೆ ಐಪಿಯ 20 ಮತ್ತು ಐಸಿಎಂಪಿಯ 8 ಸೇರಿದರೆ 1500 ಆಗುತ್ತದೆ.

2. ಉತ್ತರ ಬಂದರೆ ನಿಮ್ಮ ದಾರಿ 1500 ಹೊರುತ್ತದೆ. "ಒಡೆಯಬೇಕಾಗಿದೆ, ಆದರೆ ಡಿಎಫ್ ಇದೆ" ಎಂಬರ್ಥದ ಸಾಲು ಬಂದರೆ ಯಾವುದೋ ಸಾಧನ ಎಚ್ಚರಿಕೆ ಕೊಡುತ್ತಿದೆ ಎಂದರ್ಥ, ಅದು ಒಳ್ಳೆಯದೇ. "ಟೈಮ್ಡ್ ಔಟ್" ಎಂದಷ್ಟೇ ಬಂದು, ಸಣ್ಣ ಪಿಂಗ್‌ಗೆ ಉತ್ತರ ಬರುತ್ತಿದ್ದರೆ, ಪ್ಯಾಕೆಟ್ ಸದ್ದಿಲ್ಲದೆ ಬೀಳುತ್ತಿದೆ.

3. ಸಂಖ್ಯೆ ಇಳಿಸುತ್ತ ಹೋಗಿ. ಮೊದಲು 1464 ಪ್ರಯತ್ನಿಸಿ. ಅದು ದಾಟಿದರೆ ಎಂಟಿಯು 1492, ಅಂದರೆ ಪಿಪಿಪಿಒಇ. ದಾಟದಿದ್ದರೆ 1372, 1272 ಎಂದು ನೂರರಂತೆ ಇಳಿದು, ದಾಟಿದ ಮೇಲೆ ಅರ್ಧರ್ಧ ಏರಿಸುತ್ತ ಗಡಿ ಹುಡುಕಿ. ದಾಟುವ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ಅದೇ ನಿಮ್ಮ ದಾರಿಯ ಎಂಟಿಯು.

4. ಈಗ ವಿಪಿಎನ್ ಹಚ್ಚಿ, ಕಂಪನಿಯ ಒಳಗಿನ ಯಾವುದಾದರೂ ಸರ್ವರಿನ ವಿಳಾಸಕ್ಕೆ ಇದೇ ಪರೀಕ್ಷೆ ಮಾಡಿ. ಸಂಖ್ಯೆ ಮತ್ತಷ್ಟು ಇಳಿದಿರುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

5. ಕೊನೆಗೆ ವರ್ಚುವಲ್ ಮಷೀನಿನ ಒಳಗಿನಿಂದ ಅಳೆಯಿರಿ. ಲಿನಕ್ಸ್‌ನಲ್ಲಿ ಪಿಂಗ್, ಹೈಫನ್ ಜೊತೆ ದೊಡ್ಡಕ್ಷರದ ಎಂ, ಜಾಗ, "ಡು" ಎಂಬ ಎರಡಕ್ಷರದ ಪದ, ಜಾಗ, ಹೈಫನ್ ಜೊತೆ ಸಣ್ಣ ಎಸ್, ಜಾಗ, 1472, ಜಾಗ, ವಿಳಾಸ. "ಟ್ರೇಸ್‌ಪಾತ್" ಎಂಬ ಆದೇಶ ಇದ್ದರೆ ವಿಳಾಸ ಕೊಟ್ಟು ನೋಡಿ, ಪಿಎಂಟಿಯು ಎಂಬ ಪದದ ಮುಂದೆ ಸಂಖ್ಯೆಯನ್ನು ತಾನೇ ತೋರಿಸುತ್ತದೆ.

ಐದನೆಯ ಹಂತದಲ್ಲಿ ಒಂದು ಎಚ್ಚರ ಬೇಕು. ವರ್ಚುವಲ್‌ಬಾಕ್ಸ್‌ನ ನ್ಯಾಟ್ ವಿಧಾನದಲ್ಲಿ ಒಳಗಿನ ಮಷೀನಿನ ಟಿಸಿಪಿ ಸಂಪರ್ಕ ನೇರವಾಗಿ ಹೊರಗೆ ಹೋಗುವುದೇ ಇಲ್ಲ. ವರ್ಚುವಲ್‌ಬಾಕ್ಸ್ ಅದನ್ನು ತನ್ನಲ್ಲೇ ಕೊನೆಗೊಳಿಸಿ, ವಿಂಡೋಸ್ ಕಡೆಯಿಂದ ಹೊಸ ಸಂಪರ್ಕ ತೆರೆದು ಮಾಹಿತಿಯನ್ನು ದಾಟಿಸುತ್ತದೆ. ಹೀಗಾಗಿ ಅಲ್ಲಿ ಒಳಗಿನ ಪಿಂಗ್ ಅಳತೆಯನ್ನು ನೆಚ್ಚಬಾರದು. ಇದೇ ಗುಣವನ್ನು ರೋಗ ಪತ್ತೆಗೂ ಬಳಸಬಹುದು: ಬ್ರಿಡ್ಜ್ಡ್‌ನಲ್ಲಿ ನಿಲ್ಲುವ ಡೌನ್‌ಲೋಡ್ ನ್ಯಾಟ್‌ಗೆ ಬದಲಾಯಿಸಿದೊಡನೆ ಓಡಿದರೆ ಗಾತ್ರದ ಮೇಲಿನ ಅನುಮಾನ ಬಲವಾಗುತ್ತದೆ. ವೈಫೈ ಮೇಲೆ ಬ್ರಿಡ್ಜ್ಡ್ ಬಳಸಿದಾಗ ಬೇರೆ ತೊಡಕುಗಳೂ ಬರುವುದುಂಟು, ಸಾಧ್ಯವಾದರೆ ಕೇಬಲ್ ಹಾಕಿ ಪರೀಕ್ಷಿಸಿ.

ಸರಿಪಡಿಸುವುದು

ಮದ್ದು ಸರಳ: ವರ್ಚುವಲ್ ಮಷೀನಿನ ಎಂಟಿಯುವನ್ನು ಅಳೆದ ಸಂಖ್ಯೆಗೆ ಅಥವಾ ಅದಕ್ಕಿಂತ ತುಸು ಕೆಳಕ್ಕೆ ಇಳಿಸಿ. ಇಳಿಸಿದರೆ ನೀವು ಕಳಿಸುವುದು ಸಣ್ಣದಾಗುತ್ತದೆ, ಸರಿ. ಆಚೆಯಿಂದ ಬರುವುದೂ ಏಕೆ ಸಣ್ಣದಾಗುತ್ತದೆ? ಟಿಸಿಪಿ ಸಂಪರ್ಕದ ಮೊದಲ ಪ್ಯಾಕೆಟ್ಟಿನಲ್ಲೇ ನಿಮ್ಮ ಮಷೀನ್ "ನನಗೆ ಇಷ್ಟೇ ಬೈಟಿನ ತುಂಡು ಕಳಿಸು" ಎಂದು ಹೇಳುತ್ತದೆ. ಎಂಟಿಯು 1400 ಆದರೆ ಅದು 1360 ಎನ್ನುತ್ತದೆ, ಸರ್ವರ್ ಹಾಗೇ ನಡೆದುಕೊಳ್ಳುತ್ತದೆ. ಸುರಕ್ಷಿತ ಜಾಲತಾಣಗಳು ತೆರೆಯದೆ ನಿಲ್ಲುವುದು ಸರ್ವರ್ ಕಳಿಸುವ ಪ್ರಮಾಣಪತ್ರದ ದೊಡ್ಡ ಪ್ಯಾಕೆಟ್ಟುಗಳ ಬಳಿ. ಆದ್ದರಿಂದ ಈ ಒಂದು ಬದಲಾವಣೆಗೇ ಅವೂ ತೆರೆದುಕೊಳ್ಳುತ್ತವೆ.

1. ಮೊದಲು ತಾತ್ಕಾಲಿಕವಾಗಿ ಬದಲಿಸಿ. ಲಿನಕ್ಸ್‌ನಲ್ಲಿ "ಸುಡೊ ಐಪಿ ಲಿಂಕ್ ಸೆಟ್ ಡೆವ್", ನಂತರ ಕಾರ್ಡಿನ ಹೆಸರು, ನಂತರ "ಎಂಟಿಯು 1400". ಕಾರ್ಡಿನ ಹೆಸರು ಗೊತ್ತಿಲ್ಲದಿದ್ದರೆ "ಐಪಿ ಲಿಂಕ್" ಎಂದಷ್ಟೇ ಕೊಟ್ಟು ನೋಡಿ. ಮಷೀನ್ ಮರುಪ್ರಾರಂಭಿಸಿದರೆ ಇದು ಅಳಿಸಿಹೋಗುತ್ತದೆ, ಹಾಗಾಗಿ ಪ್ರಯೋಗಕ್ಕೆ ಭಯ ಬೇಡ.

2. ನಿಂತಿದ್ದ ಕೆಲಸವನ್ನೇ ಮತ್ತೆ ಮಾಡಿ. ಓಡಿತೋ, ಶಾಶ್ವತಗೊಳಿಸಿ. ಉಬುಂಟು ಡೆಸ್ಕ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆರೆದು, ಸಂಪರ್ಕದ ಪಕ್ಕದ ಗೇರ್ ಒತ್ತಿ, ಐಡೆಂಟಿಟಿ ಪುಟದಲ್ಲಿ ಎಂಟಿಯು ಖಾನೆ ತುಂಬಬಹುದು.

3. ಒಳಗಿರುವುದು ವಿಂಡೋಸ್ ಆದರೆ ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. "ನೆಟ್‌ಶ್ ಇಂಟರ್‌ಫೇಸ್ ಐಪಿವಿ4 ಶೋ ಸಬ್‌ಇಂಟರ್‌ಫೇಸಸ್" ಈಗಿನ ಸಂಖ್ಯೆ ತೋರಿಸುತ್ತದೆ. ನೆಟ್‌ಶ್ ಎಂಬುದು ಎನ್, ಇ, ಟಿ, ಎಸ್, ಎಚ್ ಎಂಬ ಐದು ಅಕ್ಷರ. ಬದಲಿಸಲು "ಶೋ" ಜಾಗದಲ್ಲಿ "ಸೆಟ್", ಏಕವಚನದ "ಸಬ್‌ಇಂಟರ್‌ಫೇಸ್", ಉದ್ಧರಣ ಚಿಹ್ನೆಯೊಳಗೆ ಕಾರ್ಡಿನ ಹೆಸರು, ನಂತರ "ಎಂಟಿಯು" ಸಮ ಚಿಹ್ನೆ 1400, ಕೊನೆಗೆ "ಸ್ಟೋರ್" ಸಮ ಚಿಹ್ನೆ "ಪರ್ಸಿಸ್ಟೆಂಟ್".

4. ವಿಂಡೋಸ್‌ನ ಡಬ್ಲ್ಯುಎಸ್‌ಎಲ್2 ಬಳಸುವವರು ಗಮನಿಸಿ, ಅದೂ ಒಂದು ವರ್ಚುವಲ್ ಮಷೀನೇ. ಅದರೊಳಗಿನ ಈಥ್0 ಕಾರ್ಡು 1500 ಎಂದೇ ನಂಬಿರುತ್ತದೆ, ಹೊರಗೆ ಕಂಪನಿಯ ವಿಪಿಎನ್ ಅದಕ್ಕಿಂತ ಕಡಿಮೆ ಹೊರುತ್ತಿರುತ್ತದೆ. ಮನೆಯಿಂದ ಕೆಲಸ ಮಾಡುವವರಲ್ಲಿ ಇದು ತೀರಾ ಸಾಮಾನ್ಯ. ಮೊದಲ ಅಂಶದ ಆದೇಶವೇ ಇಲ್ಲಿಯೂ ಮದ್ದು.

5. ಮಷೀನಿನೊಳಗೆ ಡಾಕರ್ ಇದ್ದರೆ ಕೆಲಸ ಇನ್ನೂ ಮುಗಿದಿಲ್ಲ. ಡಾಕರ್‌ನ ಸೇತುವೆ ಮಷೀನಿನ ಕಾರ್ಡನ್ನು ನೋಡದೆ ತನ್ನದೇ 1500 ಇಟ್ಟುಕೊಳ್ಳುತ್ತದೆ. "ಡೀಮನ್ ಡಾಟ್ ಜೇಸನ್" ಕಡತದಲ್ಲಿ ಎಂಟಿಯು ನಮೂದಿಸಿ ಡಾಕರ್ ಮರುಪ್ರಾರಂಭಿಸಿ. ಕಂಪೋಸ್ ಮೂಲಕ ಮಾಡಿಕೊಂಡ ಜಾಲಗಳಿಗೆ ಇದು ತಾನಾಗಿ ಅನ್ವಯಿಸದು, ಆಯಾ ಕಡತದಲ್ಲೇ ಬರೆಯಬೇಕು.

6. ವೈರ್‌ಗಾರ್ಡ್ ನಡೆಯುವುದು ಮಷೀನಿನ ಒಳಗೇ ಆದರೆ ಅದರ 1420 ಎಂಬ ಪೂರ್ವನಿಗದಿತ ಸಂಖ್ಯೆಯನ್ನು ಒಮ್ಮೆ ಲೆಕ್ಕಹಾಕಿ ನೋಡಿ. 1492ರ ಫೈಬರಿನಲ್ಲಿ ಐಪಿವಿ4 ಮೂಲಕ ಹೋದರೆ 1480 ಆಗಿ ದಾಟುತ್ತದೆ. ಐಪಿವಿ6 ಮೂಲಕ ಹೋದರೆ 1500 ಆಗಿ ಸಿಕ್ಕಿಕೊಳ್ಳುತ್ತದೆ. 1412ಕ್ಕೆ ಇಳಿಸಿದರೆ ಎರಡಕ್ಕೂ ಸಾಕು.

ಯಾವ ತಂತ್ರಾಂಶದಲ್ಲಿ ಏನು ನೋಡಬೇಕು?

ವರ್ಚುವಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್‌ನ ಅಡಾಪ್ಟರ್ ಟೈಪ್ ನೋಡಿ. ಹಳೆಯ ಪಿಸಿನೆಟ್ ಇದ್ದರೆ, ಒಳಗಿರುವುದು ತೀರಾ ಹಳೆಯ ವಿಂಡೋಸ್ ಅಲ್ಲದಿದ್ದರೆ, ಇಂಟೆಲ್ ಪ್ರೊ/1000ಕ್ಕೋ ವರ್ಟಿಯೋ ಆಧಾರಿತ ಪ್ಯಾರಾವರ್ಚುವಲೈಸ್ಡ್ ಕಾರ್ಡಿಗೋ ಬದಲಿಸಿ.

ಲಿನಕ್ಸ್‌ನ ಕೆವಿಎಂ ಬಳಸುವವರಿಗೆ ಒಂದು ಅನುಕೂಲವಿದೆ. ವರ್ಟಿಯೋ ಕಾರ್ಡಿನಲ್ಲಿ ಹೊರಗಿನ ಯಂತ್ರವೇ ಒಳಗಿನ ಡ್ರೈವರಿಗೆ ಎಂಟಿಯು ತಿಳಿಸುವ ಸೌಲಭ್ಯ ಇದೆ. ಲಿಬ್‌ವರ್ಟ್‌ನ ಇಂಟರ್‌ಫೇಸ್ ವಿವರದಲ್ಲಿ ಎಂಟಿಯು ಗಾತ್ರ ಬರೆದರೆ ಒಳಗಿನ ಲಿನಕ್ಸ್ ಬೂಟ್ ಆಗುವಾಗಲೇ ಅದನ್ನು ಓದಿಕೊಳ್ಳುತ್ತದೆ. ನನ್ನ ಮಟ್ಟಿಗೆ ಇದೇ ಅತ್ಯುತ್ತಮ ದಾರಿ, ಏಕೆಂದರೆ ಸಂಖ್ಯೆ ಒಂದೇ ಕಡೆ ಇರುತ್ತದೆ.

ವಿಎಂವೇರ್‌ನ ವರ್ಚುವಲ್ ಸ್ವಿಚ್‌ನ ಪೂರ್ವನಿಗದಿತ ಮಿತಿ 1500. ಹೈಪರ್‌-ವಿಯಲ್ಲಿ ಕಾರ್ಡಿನ ಅಡ್ವಾನ್ಸ್ಡ್ ಪುಟದ ಜಂಬೋ ಪ್ಯಾಕೆಟ್ ಖಾನೆ 4088, 9014 ಎಂಬ ಸಂಖ್ಯೆ ತೋರಿಸುತ್ತದೆ. ಅದರಲ್ಲಿ ಈಥರ್ನೆಟ್ ಹೆಡರಿನ 14 ಸೇರಿದೆ, ಗಲಿಬಿಲಿಯಾಗಬೇಡಿ.

ಕ್ಲೌಡ್ ಮಷೀನುಗಳಲ್ಲಿ ಲೆಕ್ಕವೇ ಬೇರೆ. ಗೂಗಲ್ ಕ್ಲೌಡ್‌ನ ಜಾಲದಲ್ಲಿ ಪೂರ್ವನಿಗದಿತ ಎಂಟಿಯು 1460. ಅಮೆಜಾನಿನಲ್ಲಿ ಜಾಲದೊಳಗೆ 9001ರವರೆಗೆ, ಇಂಟರ್ನೆಟ್ ಕಡೆಗೆ 1500. ವಿಎಕ್ಸ್‌ಲ್ಯಾನ್ ಬಳಸುವ ಓಪನ್‌ಸ್ಟ್ಯಾಕ್‌ನಂಥ ಕಡೆ 50 ಬೈಟ್ ಕಳೆದು 1450. ಗೂಗಲ್ ಕ್ಲೌಡ್‌ನ ಮಷೀನಿನಲ್ಲಿ ಡಾಕರ್ ನಿಲ್ಲುತ್ತಿದ್ದರೆ ಮೇಲಿನ ಐದನೆಯ ಅಂಶಕ್ಕೆ ಹಿಂದಿರುಗಿ.

ಜನ ಸಾಮಾನ್ಯವಾಗಿ ಮಾಡುವ ತಪ್ಪುಗಳು

ಏರಿಸಿದರೆ ವೇಗ ಬರುತ್ತದೆಂಬ ಆಸೆ ಎಲ್ಲಕ್ಕಿಂತ ದೊಡ್ಡ ತಪ್ಪು. 9000ದ ಜಂಬೋ ಪ್ಯಾಕೆಟ್ಟಿಗೆ ಅರ್ಥ ಇರುವುದು ಡೇಟಾ ಸೆಂಟರ್ ಒಳಗೆ, ಅದೂ ಒಳಗಿನ ಮಷೀನ್, ವರ್ಚುವಲ್ ಸ್ವಿಚ್, ನಿಜವಾದ ಕಾರ್ಡು, ಹೊರಗಿನ ಸ್ವಿಚ್ ಎಲ್ಲವೂ ಒಪ್ಪಿಕೊಂಡಾಗ. ಮನೆಯ ವೈಫೈ ಒಂದು ತುಂಡಿನಲ್ಲಿ 2304 ಬೈಟಿಗಿಂತ ಹೆಚ್ಚು ಒಯ್ಯುವುದೇ ಇಲ್ಲ. ಇಂಟರ್ನೆಟ್ ಲೈನಂತೂ 1500 ದಾಟದು. ಮನೆಯಲ್ಲಿ ಏರಿಸಲು ಯಾವ ಕಾರಣವೂ ಇಲ್ಲ.

ಇಳಿಸುವಾಗ 1280ಕ್ಕಿಂತ ಕೆಳಗೆ ಹೋಗಬೇಡಿ. ಐಪಿವಿ6 ಕೇಳುವ ಕನಿಷ್ಠ ಅಳತೆ ಅದು. ಲಿನಕ್ಸ್‌ನಲ್ಲಿ ಅದಕ್ಕಿಂತ ಕಡಿಮೆ ಮಾಡಿದರೆ ಆ ಕಾರ್ಡಿನಲ್ಲಿ ಐಪಿವಿ6 ನಿಂತೇಹೋಗುತ್ತದೆ. ಅಳೆಯದೆ ಎಲ್ಲ ಕಡೆ 1300 ಹಾಕಿಬಿಡುವುದೂ ಸರಿಯಲ್ಲ, ಮುಂದೆ ಬೇರೆ ತೊಂದರೆ ಬಂದಾಗ ಈ ಸಂಖ್ಯೆ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು.

ಇನ್ನೊಂದು ತಪ್ಪು ಕಲಿಕೆಯ ದಾರಿಯಲ್ಲಿ ಬರುತ್ತದೆ. ಮಷೀನಿನೊಳಗೆ ವೈರ್‌ಶಾರ್ಕ್ ಅಥವಾ ಟಿಸಿಪಿಡಂಪ್ ಹಚ್ಚಿದವರು 20 ಸಾವಿರ, 60 ಸಾವಿರ ಬೈಟಿನ ಪ್ಯಾಕೆಟ್ ಕಂಡು ಗಾಬರಿಯಾಗುತ್ತಾರೆ. ಅದು ಎಂಟಿಯು ದೋಷವಲ್ಲ. ಕಳಿಸುವಾಗ ದೊಡ್ಡ ತುಂಡನ್ನು ಕಡಿಯುವ ಕೆಲಸವನ್ನು ಇಂದಿನ ಡ್ರೈವರ್‌ಗಳು ಕೊನೆಯ ಘಳಿಗೆಗೆ ಬಿಡುತ್ತವೆ, ಬಂದ ತುಂಡುಗಳನ್ನು ಮೊದಲೇ ಜೋಡಿಸಿಬಿಡುತ್ತವೆ. ಟಿಎಸ್‌ಒ, ಜಿಎಸ್‌ಒ, ಜಿಆರ್‌ಒ ಎಂಬವು ಇವೇ. ನೀವು ನೋಡುತ್ತಿರುವುದು ಕಡಿಯುವ ಮೊದಲಿನ ಇಲ್ಲವೇ ಜೋಡಿಸಿದ ಮೇಲಿನ ರೂಪ. ನಿಜವಾದ ಗಾತ್ರ ನೋಡಬೇಕಿದ್ದರೆ "ಈಥ್‌ಟೂಲ್" ಬಳಸಿ ಆ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ನೋಡಿಯಾದ ಮೇಲೆ ಮತ್ತೆ ಹಚ್ಚಿ. ನಿಲ್ಲಿಸಿಯೇ ಬಿಟ್ಟರೆ ಪ್ರೊಸೆಸರ್ ಮೇಲೆ ವೃಥಾ ಹೊರೆ.

ನಿಮ್ಮದೇ ವರ್ಚುವಲ್ ಮಷೀನ್ ರೂಟರ್ ಆಗಿದ್ದರೆ, ಅಂದರೆ ಓಎನ್‌ಟಿಯನ್ನು ಬ್ರಿಡ್ಜ್ ಮಾಡಿಸಿ ಪಿಎಫ್‌ಸೆನ್ಸ್ ಅಥವಾ ಓಪನ್‌ಡಬ್ಲ್ಯುಆರ್‌ಟಿಯಿಂದ ಪಿಪಿಪಿಒಇ ಡಯಲ್ ಮಾಡುತ್ತಿದ್ದರೆ, ಎಂಎಸ್‌ಎಸ್ ಕ್ಲ್ಯಾಂಪಿಂಗ್ ಆನ್ ಇದೆಯೇ ನೋಡಿ. ಮೊದಲು ಆ ಕೆಲಸ ಮಾಡುತ್ತಿದ್ದ ಪೆಟ್ಟಿಗೆ ಈಗ ಮಾಡುತ್ತಿಲ್ಲ, ಹೊಣೆ ನಿಮ್ಮ ಮಷೀನಿನದು. ಅಂಥ ಫೈರ್‌ವಾಲ್‌ನಲ್ಲಿ ಐಸಿಎಂಪಿಯನ್ನು ಪೂರ್ತಿ ತಡೆಯಬೇಡಿ. "ಒಡೆಯಬೇಕಾಗಿದೆ" ಎಂಬ ಸಂದೇಶಕ್ಕೂ ಐಪಿವಿ6ನ "ಪ್ಯಾಕೆಟ್ ದೊಡ್ಡದಾಯಿತು" ಎಂಬ ಸಂದೇಶಕ್ಕೂ ದಾರಿ ಬಿಡಿ. ಐಪಿವಿ6ನಲ್ಲಿ ನಡುವಿನ ರೂಟರ್‌ಗಳು ಪ್ಯಾಕೆಟ್ ಒಡೆಯುವುದೇ ಇಲ್ಲ, ಈ ಸಂದೇಶವೊಂದೇ ಅಲ್ಲಿ ಆಧಾರ.

ಕಂಪನಿಗೆ ಬರೆಯುವಾಗ

ದೋಷ ವಿಪಿಎನ್‌ನ ಆಚೆ ಇದ್ದರೆ ಕಂಪನಿಯ ತಂತ್ರಜ್ಞರಿಗೆ ಬರೆಯಬೇಕಾಗುತ್ತದೆ. "ಊರಲ್ಲಿ ನೆಟ್ ಸರಿಯಿಲ್ಲ" ಎಂದು ಬರೆದರೆ ನಿಮ್ಮ ಊರನ್ನೇ ದೂರಿ ಕೈತೊಳೆದುಕೊಳ್ಳುವುದು ಸುಲಭ. ನಾಲ್ಕು ಸಂಗತಿ ಬರೆಯಿರಿ: ವಿಪಿಎನ್ ಇಲ್ಲದೆ ದಾಟಿದ ಅತಿ ದೊಡ್ಡ ಪಿಂಗ್, ವಿಪಿಎನ್ ಹಚ್ಚಿ ದಾಟಿದ ಅತಿ ದೊಡ್ಡ ಪಿಂಗ್, ಅದಕ್ಕಿಂತ ಒಂದು ಬೈಟ್ ಹೆಚ್ಚಿಸಿದಾಗ ಬಂದ ಉತ್ತರ ಎಚ್ಚರಿಕೆಯೋ ಬರೀ ಟೈಮ್ ಔಟೋ, ಮತ್ತು ವರ್ಚುವಲ್ ಮಷೀನಿನ ತಂತ್ರಾಂಶ, ಕಾರ್ಡಿನ ಮಾದರಿ, ಸಂಪರ್ಕದ ವಿಧಾನ. ಉತ್ತರ ಬರೀ ಟೈಮ್ ಔಟ್ ಆಗಿದ್ದರೆ ಅವರ ಫೈರ್‌ವಾಲ್ ಐಸಿಎಂಪಿಯನ್ನು ತಡೆಯುತ್ತಿದೆಯೇ ಎಂದು ನೇರವಾಗಿ ಕೇಳಿ. ಮನೆಯ ಸಂಪರ್ಕ ಬದಲಾದಾಗ, ಉದಾಹರಣೆಗೆ ಫೈಬರಿನಿಂದ ಹಾಟ್‌ಸ್ಪಾಟಿಗೆ ಹೋದಾಗ ಅಥವಾ ವಿಪಿಎನ್ ತಂತ್ರಾಂಶ ಹೊಸ ಆವೃತ್ತಿಗೆ ಬಂದಾಗ, ಮೊದಲ ಮೂರು ಅಳತೆಗಳನ್ನು ಮತ್ತೆ ತೆಗೆದುಕೊಳ್ಳಿ.